ತುಪ್ಪದ ಕೊಳದ ಬತೇರಿ ಹತ್ತುವವರಿಗೆ

ಚಿತ್ರದುರ್ಗದ ಕೋಟೆಗೆ ಬರುವವರು ಸಾಮಾನ್ಯವಾಗಿ ಓಬವ್ವನ ಕಿಂಡಿ ಕೇಳಿಕೊಂಡು ಹೋಗುತ್ತಾರೆ, ಅಲ್ಲಿ ಬಗ್ಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಬಿಸಿಲು ಏರಿತು ಎಂದು ವಾಪಸ್ಸಾಗುತ್ತಾರೆ. ನಮ್ಮ ಲೆಕ್ಕದಲ್ಲಿ ಇದು ತಲೆಕೆಳಗಾದ ಕ್ರಮ. ಮೊದಲು ಮೇಲಿನ ಬತೇರಿ, ಕೊನೆಗೆ ಕಿಂಡಿ. ಏಕೆಂದರೆ ಕೆಳಗೆ ನಿಂತು ಕೋಟೆಯ ಏಳು ಸುತ್ತು ಎಣಿಸಲು ಹೊರಟರೆ ಲೆಕ್ಕ ತಪ್ಪುತ್ತದೆ. ಈ ಸುತ್ತುಗಳು ಈರುಳ್ಳಿ ಸಿಪ್ಪೆಯಂತೆ ಒಂದರೊಳಗೊಂದು ದುಂಡಗೆ ಕೂತಿಲ್ಲ. ಗುಡ್ಡ, ಗುಂಡು, ಬಂಡೆಗಳೇ ಅರ್ಧ ಕೋಟೆ. ಪಾಳೆಯಗಾರರು ಮಾಡಿದ್ದು ಅವುಗಳ ನಡುವಿನ ಸಂದುಗಳಿಗೆ ಗೋಡೆ ಕಟ್ಟುವ ಕೆಲಸ. ಅದು ತಿಳಿಯುವುದು ಮೇಲಿಂದ ನೋಡಿದಾಗಲೇ.

ಬತೇರಿ ಎಂದರೆ ತೋಪು ಕೂರಿಸಲು, ಕಾವಲು ಕಾಯಲು ಕಟ್ಟಿದ ಕಲ್ಲಿನ ಬುರುಜು. ‘ಬ್ಯಾಟರಿ’ ಎಂಬ ಪದವೇ ನಮ್ಮ ಬಾಯಲ್ಲಿ ಬತೇರಿ ಆಗಿದೆ. ಟಾರ್ಚಿನ ಸೆಲ್ಲಿಗೂ ಇದಕ್ಕೂ ಹೆಸರಷ್ಟೇ ನಂಟು. ಕೋಟೆಯಲ್ಲಿ ಲಾಲ್ ಬತೇರಿ, ಝಂಡಾ ಬತೇರಿ ಎಂದು ಬೇರೆ ಬೇರೆ ಇವೆ. ಮೈಮೇಲೆ ಬೆವರು, ಎದೆಯಲ್ಲಿ ಸ್ವಲ್ಪ ಪುಕುಪುಕು ಎರಡನ್ನೂ ತರಿಸುವುದು ತುಪ್ಪದ ಕೊಳದ ಮೇಲಿನದು. ಬಂಡೆಯ ಕುಳಿಯಲ್ಲಿ ತುಪ್ಪ ಶೇಖರಿಸುತ್ತಿದ್ದರು ಎಂದು ಹೇಳುತ್ತಾರೆ. ಆ ಇಳಿಜಾರಿನಲ್ಲಿ ತುಪ್ಪದ ಕೊಡ ಹೊತ್ತವರ ಕಾಲಿಗೆ ನಮಸ್ಕಾರ.

ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿದೆ. ಟಿಕೆಟ್ ಭಾರತೀಯರಿಗೆ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಬಸ್ ನಿಲ್ದಾಣದಿಂದ ಸುಮಾರು 2 ಕಿ.ಮೀ., ಆಟೊ ಸಾಕು. ದಾವಣಗೆರೆಯಿಂದ 60 ಕಿ.ಮೀ., ಬೆಂಗಳೂರಿಂದ 200 ಕಿ.ಮೀ. ಆಸುಪಾಸು. ಬೆಂಗಳೂರಿಂದ ಬೆಳಿಗ್ಗೆ ಹೊರಟು ಮಧ್ಯಾಹ್ನ 12ಕ್ಕೆ ಕೋಟೆ ಬಾಗಿಲಿಗೆ ಬರುವ ಯೋಜನೆಯಷ್ಟು ಕೆಟ್ಟದ್ದು ಮತ್ತೊಂದಿಲ್ಲ. ಹಿಂದಿನ ರಾತ್ರಿಯೇ ಬಂದು ಉಳಿಯಿರಿ, 7 ಗಂಟೆಗೆಲ್ಲ ಒಳಗಿರಿ. ಇಡೀ ಕೋಟೆಗೆ ನಾಲ್ಕು ಗಂಟೆ ಇಟ್ಟುಕೊಳ್ಳಿ, ಅದರಲ್ಲಿ ತುಪ್ಪದ ಕೊಳಕ್ಕೆ ಹತ್ತಿ ಇಳಿಯಲು ಮುಕ್ಕಾಲು ಗಂಟೆ. ಗೈಡ್ ಬೇಕಿದ್ದರೆ ಬಾಗಿಲಲ್ಲೇ ದರ ಮಾತಾಡಿಕೊಳ್ಳಿ, ‘ತುಪ್ಪದ ಕೊಳ ಮೊದಲು’ ಎಂದು ಆಗಲೇ ಹೇಳಿಬಿಡಿ. ಇಲ್ಲದಿದ್ದರೆ ಗುಡಿ, ಹೊಂಡ, ಕಿಂಡಿ ಎಂಬ ಮಾಮೂಲಿ ಸುತ್ತಿನಲ್ಲೇ ಕೆಲಸ ಮುಗಿಯುತ್ತದೆ.

ಒಳಗೆ ಬರುವಾಗ ಬಾಗಿಲುಗಳನ್ನು ಗಮನಿಸಿ. ಒಂದೂ ನೇರಕ್ಕಿಲ್ಲ. ಪ್ರತಿ ಬಾಗಿಲಿನ ಮುಂದೆ ದಾರಿ ಸಟ್ಟನೆ ಹೊರಳುತ್ತದೆ. ಆನೆ ಓಡಿ ಬಂದು ಕದಕ್ಕೆ ಗುದ್ದಬೇಕಾದರೆ ಓಟಕ್ಕೆ ಜಾಗ ಬೇಕು. ಆ ಜಾಗವನ್ನೇ ಕೊಟ್ಟಿಲ್ಲ. ಗೋಡೆಯ ಕಲ್ಲುಗಳ ಅಂಚಿನಲ್ಲಿ ಸಾಲಾಗಿ ಕಾಣುವ ಕಚ್ಚುಗಳು ಉಳಿಯಿಂದ ಕುಳಿ ತೋಡಿ, ಬೆಣೆ ಹೊಡೆದು ಬಂಡೆ ಸೀಳಿದ ಗುರುತು. ತೋಪಿನ ಮದ್ದು ಅರೆಯುತ್ತಿದ್ದ ನಾಲ್ಕು ಭಾರೀ ಬೀಸುಕಲ್ಲುಗಳ ಗುಂಡಿಯನ್ನು ಹೋಗುತ್ತಲೋ ಬರುತ್ತಲೋ ನೋಡಬಹುದು. ಬೆಳಗಿನ ತಂಪನ್ನು ಅಲ್ಲಿ ಕಳೆಯಬೇಡಿ.

ಇನ್ನು ಹತ್ತುವ ಮಾತು. ತುಪ್ಪದ ಕೊಳಕ್ಕೆ ಇರುವುದು ಕಟ್ಟಿದ ಮೆಟ್ಟಿಲಲ್ಲ, ಬೋಳು ಬಂಡೆಯಲ್ಲಿ ಕೊರೆದ ಕಾಲ್ಗುಳಿಗಳು. ಅರ್ಧ ಪಾದ ಊರುವಷ್ಟೇ ಜಾಗ. ಹೆದರಿದವರು ಮಾಡುವ ಮೊದಲ ತಪ್ಪು ಬಂಡೆಯನ್ನು ಅಪ್ಪಿಕೊಳ್ಳುವುದು. ಮೈ ಬಂಡೆಗೆ ವಾಲಿದಷ್ಟೂ ಪಾದದ ಮೇಲಿನ ಒತ್ತು ಕಡಿಮೆಯಾಗಿ ಕಾಲು ಹೊರಕ್ಕೆ ಜಾರುತ್ತದೆ. ಸೊಂಟ ಪಾದದ ಮೇಲಕ್ಕೆ ಬರುವಂತೆ ನೆಟ್ಟಗೆ ನಿಲ್ಲಿ, ಕೈ ಬರೀ ಸಮತೋಲಕ್ಕೆ. ಹೆಜ್ಜೆ ಚಿಕ್ಕದಿರಲಿ, ಒಂದು ಕಾಲು ಗಟ್ಟಿಯಾಗಿ ಊರಿದ ಮೇಲೇ ಇನ್ನೊಂದು ಎತ್ತಿ. ಇಳಿಯುವಾಗ ಕಡಿದಾದ ಕಡೆ ಏಣಿ ಇಳಿದಂತೆ ಬಂಡೆಗೆ ಮುಖ ಮಾಡಿ ಹಿಮ್ಮುಖವಾಗಿ ಬನ್ನಿ. ಜಾರುವವರಲ್ಲಿ ಹೆಚ್ಚಿನವರು ಇಳಿಯುವಾಗಲೇ ಜಾರುವುದು, ಅದರಲ್ಲೂ ಒಂದು ಕೈಯಲ್ಲಿ ಮೊಬೈಲು ಹಿಡಿದವರು.

ಬಂಡೆಯ ಮೈ ಓದಲು ಎರಡು ಗುರುತು ಸಾಕು. ಮೇಲಿಂದ ಕೆಳಕ್ಕೆ ಇಳಿದ ಕಪ್ಪು ಪಟ್ಟೆಗಳು ಮಳೆನೀರು ಹರಿಯುವ ಜಾಡು. ಅಲ್ಲಿ ಪಾಚಿಯ ಜಾತಿಯದು ಬೆಳೆದಿರುತ್ತದೆ. ಒಣಗಿದ್ದಾಗ ತಂಟೆಯಿಲ್ಲ, ನಾಲ್ಕು ಹನಿ ಬಿದ್ದರೆ ಲೋಳೆಯಂತಾಗುತ್ತದೆ. ಎರಡನೆಯದು, ಕಣಶಿಲೆ ಸವೆದು ಉದುರಿದ ಹರಳು. ಅದು ಕಾಲ್ಗುಳಿಯಲ್ಲಿ ಕೂತಿದ್ದರೆ ರಾಗಿ ಕಾಳಿನ ಮೇಲೆ ಕಾಲಿಟ್ಟ ಹಾಗೆ. ಊರುವ ಮೊದಲು ಪಾದದಿಂದ ಒಮ್ಮೆ ಒರೆಸಿ. ಮೆತ್ತನೆ ರಬ್ಬರಿನ, ಗೀರು ಸವೆಯದ ಅಟ್ಟೆಯ ಶೂ ಒಳ್ಳೆಯದು. ಬರಿಗಾಲಿಗೆ ಹಿಡಿತ ಇನ್ನೂ ಚೆನ್ನ, ಆದರೆ ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಬಂಡೆ ರೊಟ್ಟಿ ಹಂಚಾಗುತ್ತದೆ. ಹವಾಯಿ ಚಪ್ಪಲಿ ಬೇಡವೇ ಬೇಡ. ಸೀರೆ, ಪಂಚೆಯಾದರೆ ಮೇಲೆ ಕಟ್ಟಿಕೊಳ್ಳಿ.

ಮಳೆ ಬಂದು ನಿಂತ ದಿನ ಹತ್ತಬೇಡಿ. ಆಷಾಢದಲ್ಲಿ ಬೇರೆ ತೊಂದರೆ, ಗಾಳಿ. ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಟೋಪಿ, ದುಪಟ್ಟ ಹಾರಿದರೆ ಹಿಡಿಯಲು ಕೈ ಚಾಚುವುದೇ ಅಪಾಯ, ಹೋದರೆ ಹೋಗಲಿ. ಬಂಡೆ ಪೊಟರೆಯಲ್ಲಿ ಹೆಜ್ಜೇನು ಕಂಡರೆ ಸದ್ದಿಲ್ಲದೆ ತಿರುಗಿ. ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ಇಲ್ಲಿನ ಗೋಡೆಗಳನ್ನು ಬರಿಗೈಯಲ್ಲಿ ಹತ್ತುವುದನ್ನು ವಿಡಿಯೊದಲ್ಲಿ ನೋಡಿ ಕೈ ತುರಿಸಿದರೆ ಜೇಬಿನಲ್ಲಿ ಇಟ್ಟುಕೊಳ್ಳಿ. ನಿಜವಾದ ಕೋತಿಗಳ ವಿಷಯ ಒಂದೇ: ಪ್ಲಾಸ್ಟಿಕ್ ಕವರಿನ ಸರಪರ ಸದ್ದು ಅವಕ್ಕೆ ಊಟದ ಗಂಟೆ. ತಿಂಡಿ ಬ್ಯಾಗಿನೊಳಗಿರಲಿ. ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ನೀರು ಕೆಳಗಿಂದಲೇ ಹೊತ್ತು ತನ್ನಿ.

ಮೇಲೆ ತಲುಪಿದ ಮೇಲೆ ಮೊದಲು ಊರಿನ ಕಡೆ ನೋಡುವುದು ಎಲ್ಲರ ಅಭ್ಯಾಸ. ಊರಿರುವುದು ಬೆಟ್ಟದ ಈಶಾನ್ಯದ ಬುಡದಲ್ಲಿ, ಹಾಗಾಗಿ ಬೆಳಿಗ್ಗೆ ಸೂರ್ಯ ಕ್ಯಾಮೆರಾದ ಎದುರಿಗೇ, ಫೋಟೊ ಮಸುಕು. ಬೆನ್ನು ತಿರುಗಿಸಿ ಕೋಟೆಯ ಒಳಗಡೆ ನೋಡಿ. ಗುಡ್ಡ ಎಲ್ಲಿ ಕಡಿದಾಗಿದೆಯೋ ಅಲ್ಲಿ ಗೋಡೆ ಗಿಡ್ಡ ಅಥವಾ ಇಲ್ಲವೇ ಇಲ್ಲ, ಕಣಿವೆ ತೆರೆದಲ್ಲಿ ಗೋಡೆಯ ಮೇಲೆ ಗೋಡೆ. ಜೊತೆಗೆ ನೀರಿನ ಜಾಡು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಸೀಮೆ ಇದು. ಬಂಡೆ ನೀರು ಕುಡಿಯುವುದಿಲ್ಲ, ಬಿದ್ದದ್ದೆಲ್ಲ ಹರಿಯುತ್ತದೆ; ಅದನ್ನು ತಡೆದು ಹೊಂಡಕ್ಕೆ ತಿರುಗಿಸಿದ್ದಾರೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಪೇಟೆಯ ಸಂತೆ ಹೊಂಡದ ಕಡೆಗೆ. ಮುತ್ತಿಗೆ ಎಷ್ಟು ದಿನ ತಾಳುತ್ತದೆ ಎಂಬುದನ್ನು ತೋಪಿಗಿಂತ ಮೊದಲು ಈ ಹೊಂಡಗಳು ತೀರ್ಮಾನಿಸುತ್ತಿದ್ದವು. ಹಾಗೆಂದು ಆ ನೀರನ್ನು ಈಗ ಕುಡಿಯಬೇಡಿ.

ಆಚೆ ಕಾಣುವ ಎತ್ತರದ ಹಸಿರು ಸಾಲು ಜೋಗಿಮಟ್ಟಿಯ ಕಾಡು, ಊರಿಂದ 10 ಕಿ.ಮೀ. ಸುಮಾರು. ಅದು ವನ್ಯಜೀವಿಧಾಮ, ಅರಣ್ಯ ಇಲಾಖೆಯ ಗೇಟು ದಾಟಿ ಹೋಗಬೇಕು. ಕೋಟೆ ಹತ್ತಿದ ದಿನವೇ ಅದನ್ನೂ ತುರುಕಬೇಡಿ, ಎರಡೂ ಅರೆಬರೆ ಆಗುತ್ತವೆ.

ಇಳಿದ ಮೇಲೆ ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರನ ಗುಡಿಗಳು, ಉಯ್ಯಾಲೆ ಕಂಬ, ಮಣ್ಣಿನ ಗೋಡೆಯ ಕಚೇರಿ ನೋಡಿಕೊಂಡು ಓಬವ್ವನ ಕಿಂಡಿ ಹತ್ತಿರದ ನೀರಿನ ಸೆಲೆ ತಣ್ಣೀರು ದೋಣಿಯ ಕಡೆ ನಡೆಯಿರಿ. ಬಿಸಿಲೇರಿದ ಹೊತ್ತಿಗೆ ಕಿಂಡಿಯ ಬಂಡೆ ನೆರಳು ಹಿತ. ಹೈದರಾಲಿ 1779ರಲ್ಲಿ ಮದಕರಿನಾಯಕನಿಂದ ಕೋಟೆ ಗೆದ್ದದ್ದು ಚರಿತ್ರೆ. ಅದಕ್ಕೂ ಮುಂಚಿನ ಮುತ್ತಿಗೆಯಲ್ಲಿ, ಕಾವಲುಗಾರ ಮುದ್ದಹನುಮ ಉಣ್ಣುತ್ತಿದ್ದಾಗ ನೀರಿಗೆ ಬಂದ ಅವನ ಹೆಂಡತಿ ಓಬವ್ವ ಈ ಸಂದಿನಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಹೊಡೆದಳು ಎಂಬುದು ಊರ ನೆನಪು. ಮೇಲಿಂದ ನೋಡಿ ಬಂದವರಿಗೆ ಇದು ಇಷ್ಟೊಂದು ಸಂದುಗಳಲ್ಲಿ ಮುಚ್ಚದೆ ಉಳಿದ ಒಂದು ಎಂಬುದು ತಟ್ಟನೆ ಹೊಳೆಯುತ್ತದೆ. ಒಬ್ಬರೇ, ತಲೆ ತಗ್ಗಿಸಿ, ಮೈ ಓರೆ ಮಾಡಿ ದಾಟಬೇಕು. ಬೆನ್ನಿನ ಬ್ಯಾಗು ಮೊದಲೇ ಬಿಚ್ಚಿ ಕೈಯಲ್ಲಿ ಹಿಡಿಯಿರಿ, ಇಲ್ಲದಿದ್ದರೆ ನಡುವೆ ಸಿಕ್ಕಿಕೊಂಡು ಹಿಂದಿನವರೆಲ್ಲ ಕಾಯಬೇಕಾಗುತ್ತದೆ.