ಗೆರೆ ನಡುಗುವ ಜಾಗ

ಇವತ್ತು ಕಾಲೇಜಿನಲ್ಲಿ ನಮ್ಮ ಚಿತ್ರಪ್ರದರ್ಶನ. ನನ್ನದು ಸೈಕೆಡೆಲಿಕ್ ಚಿತ್ರ, ಅಂದರೆ ಅಮಲಿನಲ್ಲಿ ಕಂಡಂತೆ ಬಣ್ಣ, ಸುರುಳಿಗಳು ಕುಣಿಯುವ ಶೈಲಿ. ಅದರ ಮುಂದೆ ವಾಚ್‌ಮನ್ ಅಂಕಲ್ ಎರಡು ನಿಮಿಷ ನಿಂತರು. ಕಣ್ಣು ಉಜ್ಜಿಕೊಂಡರು.

"ಏನಮ್ಮಾ, ಇದು ಅಲ್ಲಾಡ್ತಾ ಇದೆಯಲ್ಲಾ?"

ಅಷ್ಟು ಸಾಕಾಗಿತ್ತು ನನಗೆ!

ಉಳಿದವರೆಲ್ಲ ಕೇಳಿದ್ದು ಒಂದೇ. ಸೈಕೆಡೆಲಿಕ್ ಅಂದರೆ, ಏನಾದರೂ ತಗೊಂಡು ಬಿಡಿಸಿದ್ದಾ ಅಂತ. ಹೌದು, ಫಿಲ್ಟರ್ ಕಾಫಿ. ಸ್ವಲ್ಪ ಜಾಸ್ತಿನೇ.

ವಿಷಯ ಇಷ್ಟೇ. ಅಚ್ಚ ಕೆಂಪು, ಪಕ್ಕದಲ್ಲೇ ಅಚ್ಚ ಹಸಿರು. ಎರಡರ ಹೊಳಪೂ ಸಮ ಇರಬೇಕು. ಆಗ ಅಂಚು ಎಲ್ಲಿದೆ ಅಂತ ಕಣ್ಣಿಗೆ ತೀರ್ಮಾನ ಆಗುವುದಿಲ್ಲ. ಗೆರೆ ನಡುಗುತ್ತದೆ. 1967ರ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೋದ ರಾಕ್ ಸಂಗೀತದ ಪೋಸ್ಟರ್‌ಗಳಲ್ಲಿ ಕಲಾವಿದ ವಿಕ್ಟರ್ ಮೊಸ್ಕೋಸೊ ಮಾಡಿದ್ದೂ ಇದನ್ನೇ. ಅವರು ಯೇಲ್ ವಿಶ್ವವಿದ್ಯಾಲಯದಲ್ಲಿ ಕಲಾವಿದ ಜೋಸೆಫ್ ಆಲ್ಬರ್ಸ್ ಹತ್ತಿರ ಬಣ್ಣದ ಪಾಠ ಕಲಿತವರು. ಆ ಪೋಸ್ಟರ್‌ಗಳಲ್ಲಿ ನನಗೆ ಅಮಲಿಗಿಂತ ಹೋಮ್‌ವರ್ಕೇ ಜಾಸ್ತಿ ಕಾಣುತ್ತದೆ.

ನಾನು ಈ ನಡುಕ ಮೊದಲು ನೋಡಿದ್ದು ಮಾತ್ರ ಅಜ್ಜಿಯ ಸೀರೆಯಲ್ಲಿ. ಹಸಿರು ಒಡಲು, ಕೆಂಪು ಅಂಚು. ಬಿಸಿಲಿಗೆ ಒಣಹಾಕಿದಾಗ ಆ ಅಂಚು ಸುಮ್ನೆ ನಿಲ್ಲುತ್ತಲೇ ಇರಲಿಲ್ಲ. ಚಿತ್ರದಲ್ಲಿರುವ ಸುರುಳಿಗಳೆಲ್ಲ ಅದರ ನೆರಿಗೆಗಳೇ. ಯಾರೂ ಗುರುತಿಸಲಿಲ್ಲ, ಇರಲಿ.

ಸಂಜೆ ಅಂಕಲ್ ಮತ್ತೆ ಬಂದರು. ಈ ಸಲ ಕನ್ನಡಕ ಹಾಕಿಕೊಂಡು.