‘ಇಲ್ಲೇ ಯಾಕೆ ಮಾಡಿಸಬಾರದು?’ ಎಂದು ಕೇಳುವವರಿಗೆ

ಪ್ಲಾಸ್ಟಿಕ್ ಮೈಯ ಟಾರ್ಚೋ ಮೇಜಿನ ದೀಪವೋ, ಇಂಥ ಸಣ್ಣ ವಸ್ತುವನ್ನು ಹೊರದೇಶದಲ್ಲಿ ಏಕೆ ಮಾಡಿಸಬೇಕು, ಸ್ವದೇಶದಲ್ಲೇ ಆಗದೇ ಎಂದು ಕೇಳದವರಿಲ್ಲ. ಕೂಲಿ ದುಬಾರಿ ಎಂದು ಬಹಳ ಜನ ತಾವೇ ಉತ್ತರವನ್ನೂ ಕೊಟ್ಟುಕೊಳ್ಳುತ್ತಾರೆ. ಆದರೆ ಒಂದು ದೀಪ ಜೋಡಿಸಲು ಕೆಲವೇ ನಿಮಿಷ ಸಾಕು. ಕೈ ಕಟ್ಟಿಹಾಕುವುದು ಅಚ್ಚು, ಅಂದರೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಿ ತುಂಬಿ ಆಕಾರ ಕೊಡುವ ಉಕ್ಕಿನ ಪಡಿಯಚ್ಚು.

ಕರಗಿದ ಪ್ಲಾಸ್ಟಿಕ್ ಆರುವಾಗ ಕುಗ್ಗುತ್ತದೆ. ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಸುಮಾರು 0.5%, ಪಾಲಿಪ್ರೊಪಿಲೀನ್ ಎಂಬ ಇನ್ನೊಂದು ಬಗೆ 1ರಿಂದ 2%. ಹಾಗಾಗಿ 100 ಮಿ.ಮೀ. ಉದ್ದದ ಎಬಿಎಸ್ ಮುಚ್ಚಳಕ್ಕೆ ಅಚ್ಚನ್ನು 100.5 ಮಿ.ಮೀ.ಗೆ ಕೊರೆಯುತ್ತಾರೆ. ಆಮೇಲೆ ಯಾರೋ ಖರ್ಚು ಉಳಿಸಲು ಅದೇ ಅಚ್ಚಿಗೆ ಪಾಲಿಪ್ರೊಪಿಲೀನ್ ಸುರಿದರೆ ಮುಚ್ಚಳ ಸುಮಾರು 1 ಮಿ.ಮೀ. ಗಿಡ್ಡ, ಎಬಿಎಸ್ ಡಬ್ಬಿಯ ಮೇಲೆ ಕೂರುವುದಿಲ್ಲ. ಒಳಗಿನ ಆನಿಕೆ ಪಟ್ಟಿ ಗೋಡೆಯ ದಪ್ಪದ 60% ಮೀರಿದರೆ ಹೊರಮೈಯಲ್ಲಿ ಗುಳಿ ಬೀಳುತ್ತದೆ. ಗೋಡೆಗೆ 1 ಡಿಗ್ರಿಯಾದರೂ ಓರೆ ಇರದಿದ್ದರೆ ಅಚ್ಚಿನಿಂದ ಬಿಡಿಸುವಾಗ ಗೀರು.

ಇವೆಲ್ಲ ಮೊದಲ ಪರೀಕ್ಷಾ ಒತ್ತುವಿಕೆಯಲ್ಲೇ ಕಾಣುತ್ತವೆ. ತಿದ್ದುವಾಗ ಉಕ್ಕನ್ನು ಕೆರೆದು ತೆಗೆಯುವುದು ಸುಲಭ, ಸೇರಿಸುವುದಾದರೆ ವೆಲ್ಡ್ ಮಾಡಿ ಮತ್ತೆ ಕೊರೆಯಬೇಕು. ಅಚ್ಚಿನ ಉಕ್ಕು ಕೆರೆದಲ್ಲಿ ಪ್ಲಾಸ್ಟಿಕ್ ದಪ್ಪವಾಗುತ್ತದೆ. ಅದಕ್ಕೇ ಜಾಣರು ಭಾಗಗಳನ್ನು ಸಿಕ್ಕಿಸುವ ಕೊಂಡಿಗಳನ್ನು ಬೇಕೆಂದೇ ಸಡಿಲ ಇಟ್ಟು, ಆಮೇಲೆ ಉಕ್ಕು ಕೆರೆದು ಬಿಗಿ ಮಾಡಿಕೊಳ್ಳುತ್ತಾರೆ. ಅಚ್ಚು ಕೊರೆಯುವವನು, ಪಾಲಿಶ್ ಮಾಡುವವನು, ಒತ್ತುವವನು ಒಂದೇ ಬೀದಿಯಲ್ಲಿದ್ದರೆ ಇಂಥ ತಿದ್ದುಪಡಿ ಎರಡು ದಿನದ ಕೆಲಸ. ಮೂರು ಊರಲ್ಲಿ ಚದುರಿದ್ದರೆ ಪ್ರತಿ ಸಲವೂ ವಾರಗಳು ಹೋಗುತ್ತವೆ, ತಪ್ಪು ಯಾರದೆಂಬ ಜಗಳ ಬೇರೆ. ಸ್ವದೇಶಿ ತಯಾರಿಕೆ ಸೋಲುವುದು ಹೆಚ್ಚಾಗಿ ಇಲ್ಲೇ.

‘ಅಚ್ಚು ಹೊರಗಿಂದ ತರಿಸಿ ಇಲ್ಲಿ ಒತ್ತಿಸೋಣ’ ಎನ್ನುವುದು ಚೆಂದದ ಉಪಾಯ. ಆದರೆ ಅಚ್ಚಿನ ಅಗಲ ಒತ್ತುವ ಯಂತ್ರದ ಕಂಬಗಳ ನಡುವೆ ಹಿಡಿಸಬೇಕು, ಪ್ಲಾಸ್ಟಿಕ್ ಹೊರಬಿಡುವ ನಾಜಲ್ ಎಂಬ ಮೂತಿಯ ತುದಿಯ ದುಂಡಗು ಅಚ್ಚಿನ ಬಾಯಿಯ ಕುಳಿಗಿಂತ ತುಸು ಚಿಕ್ಕದಿರಬೇಕು. ಇಲ್ಲವಾದರೆ ಪ್ಲಾಸ್ಟಿಕ್ ಅಲ್ಲೇ ಸೋರುತ್ತದೆ. ಯಂತ್ರದ ಅಳತೆಪಟ್ಟಿ ಕೈಗೆ ಬರುವ ಮುನ್ನ ಅಚ್ಚಿನ ನಕ್ಷೆಗೆ ಒಪ್ಪಿಗೆ ಕೊಡಲೇಬಾರದು.

ಚಿಲ್ಲರೆ ಭಾಗಗಳ ಕಾಟ ಇನ್ನೊಂದು. 5,000 ಸ್ಪ್ರಿಂಗ್‌ನಂಥ ಸಣ್ಣ ಲೆಕ್ಕ ಕೇಳಿದರೆ ಸರದಿಯಲ್ಲಿ ಕೊನೆಗೆ ನಿಲ್ಲುತ್ತೀರಿ. ಪ್ಲಾಸ್ಟಿಕ್‌ಗೆಂದೇ ಇರುವ 3 ಮಿ.ಮೀ. ಸ್ಕ್ರೂಗೆ ಸುಮಾರು 2.4 ಮಿ.ಮೀ. ತೂತು, ಸುತ್ತ 6 ಮಿ.ಮೀ. ದಪ್ಪದ ಗುಬಟು (ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಗೂಟ) ಬೇಕು. ಅದು ಸಿಗಲಿಲ್ಲವೆಂದು ಲೋಹಕ್ಕೆಂದಿರುವ ಸಣ್ಣ ಎಳೆಯ ಸ್ಕ್ರೂ ಹಾಕಿದರೆ ಎರಡು ಸಲ ಬಿಚ್ಚುವಷ್ಟರಲ್ಲಿ ಎಳೆ ಕಿತ್ತುಬರುತ್ತದೆ. 20 ಬಿಡಿಭಾಗಗಳಲ್ಲಿ ಪ್ರತಿಯೊಂದೂ ನೂರಕ್ಕೆ 99 ಸರಿ ಬಂದರೂ, ತಪಾಸಣೆಯಿಲ್ಲದೆ ಜೋಡಿಸಿದರೆ ನೂರಕ್ಕೆ ಸುಮಾರು 82 ದೀಪಗಳಷ್ಟೇ ಪೂರ್ತಿ ಸರಿ.

ಹಾಗಾದರೆ ಇಲ್ಲಿ ಆಗುವುದೇ ಇಲ್ಲವೇ? ಆಗುತ್ತದೆ, ಭಾಗಗಳನ್ನು ಇಪ್ಪತ್ತರಿಂದ ಎಂಟಕ್ಕೆ ಇಳಿಸುವ ಧೈರ್ಯವಿದ್ದರೆ. ಅಚ್ಚು, ಅದರ ನಕ್ಷೆ, ಬಿಡಿ ಪಿನ್ನುಗಳು ನಿಮ್ಮ ಸ್ವತ್ತು ಎಂದು ಒಪ್ಪಂದದಲ್ಲೇ ಬರೆಸಿ. ಇಲ್ಲದಿದ್ದರೆ ಕಾರ್ಖಾನೆ ಬದಲಿಸುವ ದಿನ ನಿಮ್ಮ ಕೈಯಲ್ಲಿ ಉಳಿಯುವುದು ಮಾದರಿ ದೀಪ ಮಾತ್ರ.