ಡಿಡಿಆರ್3ಎಲ್ ಬೋರ್ಡ್, ಎರಡನೇ ಆವೃತ್ತಿ: ವಿಟಿಟಿ ಬದಲಾಯಿತು

ಆರ್ಟಿಕ್ಸ್-7 ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಬಹುದಾದ ಚಿಪ್), 16 ಬಿಟ್‌ನ ಒಂದು ಡಿಡಿಆರ್3ಎಲ್ ಮೆಮೊರಿ ಚಿಪ್, 1.35 ವೋಲ್ಟ್, 400 ಮೆಗಾಹರ್ಟ್ಸ್ ಕ್ಲಾಕ್. ಮೊದಲ ಆವೃತ್ತಿಯಲ್ಲಿ ಕ್ಯಾಲಿಬ್ರೇಷನ್ (ಶುರುವಿನಲ್ಲಿ ಮೆಮೊರಿಯ ಟೈಮಿಂಗ್ ಹೊಂದಿಸುವ ಹಂತ) ಸಲೀಸಾಗಿ ಮುಗಿಯುತ್ತಿತ್ತು. ಮೆಮೊರಿ ಟೆಸ್ಟ್ ಮಾತ್ರ ಮೇಲಿನ ವಿಳಾಸಗಳಲ್ಲೇ ಎಡವುತ್ತಿತ್ತು. ಡೇಟಾ ಪ್ಯಾಟರ್ನ್ ಬದಲಿಸಿದರೂ ಅದೇ ಜಾಗ. ಹೀಗಾದಾಗ ಎಲ್ಲರೂ ಮೊದಲು ಚಿಪ್ಪನ್ನು ಬಯ್ಯುತ್ತಾರೆ. ನೋಡಬೇಕಾದ್ದು ವಿಟಿಟಿಯನ್ನು, ಅಂದರೆ ಲೈನ್‌ಗಳ ಕೊನೆಯ ಟರ್ಮಿನೇಷನ್ ರೆಸಿಸ್ಟರ್‌ಗಳು ಸೇರುವ ಅರ್ಧ ವೋಲ್ಟೇಜ್‌ನ ಸಪ್ಲೈಯನ್ನು.

ವಿಳಾಸ, ಕಮಾಂಡ್ ಸೇರಿ ಸುಮಾರು 24 ಲೈನ್‌ಗಳು 40 ಓಮ್ ಮೂಲಕ 0.675 ವೋಲ್ಟ್‌ಗೆ ಸೇರುತ್ತವೆ. ಡ್ರೈವರ್ ಪ್ರತಿರೋಧವೂ 40 ಓಮ್ ಎಂದಿಟ್ಟರೆ ಲೈನ್ ಒಂದಕ್ಕೆ 8.4 ಮಿಲಿಆಂಪ್. ಅರ್ಧ ಲೈನ್ ಮೇಲೆ (1), ಅರ್ಧ ಕೆಳಗೆ (0) ಇದ್ದರೆ ಅವು ಒಂದನ್ನೊಂದು ತೂಗಿಸುತ್ತವೆ. ಮೇಲಿನ ವಿಳಾಸಗಳಲ್ಲಿ ಆಗುವಂತೆ ಬಹುಪಾಲು ಮೇಲಿದ್ದರೆ 200 ಮಿಲಿಆಂಪ್‌ವರೆಗೆ ಕರೆಂಟ್ ವಿಟಿಟಿಯೊಳಕ್ಕೆ ನುಗ್ಗುತ್ತದೆ. ಸಾದಾ ಎಲ್‌ಡಿಒ (ವೋಲ್ಟೇಜ್ ಇಳಿಸುವ ರೆಗ್ಯುಲೇಟರ್) ಕರೆಂಟ್ ಕೊಡಬಲ್ಲದು, ನುಂಗಲಾರದು. ಹಾಗಾಗಿ ವಿಟಿಟಿ ಮೇಲೇರುತ್ತದೆ. ವಿರೆಫ್ (ಸಿಗ್ನಲ್ 1 ಅಥವಾ 0 ಎಂದು ತೀರ್ಮಾನಿಸುವ ಹೋಲಿಕೆ ವೋಲ್ಟೇಜ್) ಕೂಡ ಅಲ್ಲಿಂದಲೇ ಬಂದಿದ್ದರೆ ಅದೂ ಜೊತೆಗೆ ಏರುತ್ತದೆ.

ಟೈಮಿಂಗ್ ಕೆಡುವುದು ಇಲ್ಲೇ. ಎಡ್ಜ್ ನ್ಯಾನೋಸೆಕೆಂಡಿಗೆ 1 ವೋಲ್ಟ್ ವೇಗದಲ್ಲಿ ಏರಿದರೆ, ವಿರೆಫ್ 35 ಮಿಲಿವೋಲ್ಟ್ ಸರಿದಾಗ ಏರುವ ಎಡ್ಜ್ 35 ಪಿಕೋಸೆಕೆಂಡ್ ತಡ, ಇಳಿಯುವುದು ಅಷ್ಟೇ ಬೇಗ. ಟ್ರೇಸ್ ಉದ್ದದಲ್ಲಿ 5 ಮಿಲಿಮೀಟರ್ ವ್ಯತ್ಯಾಸವಾದರೂ ಸುಮಾರು ಇಷ್ಟೇ. ವ್ಯತ್ಯಾಸವೇನೆಂದರೆ, ಟ್ರೇಸ್ ತಪ್ಪು ಸ್ಥಿರವಾದದ್ದು. ಡಿಕ್ಯೂಎಸ್‌ಗೂ (ಡೇಟಾ ಹಿಡಿಯುವ ಕ್ಷಣ ಹೇಳುವ ಸ್ಟ್ರೋಬ್) ಡೇಟಾಗೂ ನಡುವಿನದನ್ನು ಕ್ಯಾಲಿಬ್ರೇಷನ್ ಒಂದಿಷ್ಟು ಸರಿದೂಗಿಸುತ್ತದೆ. ವಿಳಾಸದ ಜೊತೆ ಓಲಾಡುವ ವಿರೆಫ್ ಅದಕ್ಕೆ ಕಾಣುವುದೇ ಇಲ್ಲ. 0.1 ಮಿಲಿಮೀಟರ್‌ಗೆ ಹಾವಿನಂತೆ ಸುತ್ತಿಸಿ ಲೈನ್ ಹೊಂದಿಸುವವರು ಅದರ ಅರ್ಧ ಶ್ರಮ ವಿರೆಫ್‌ಗೆ ಕೊಟ್ಟರೆ ಸಾಕು.

ಈಗ ವಿಟಿಟಿಗೆ ಟಿಪಿಎಸ್51200, ಕರೆಂಟ್ ಕೊಡಲೂ ನುಂಗಲೂ ಬಲ್ಲ ರೆಗ್ಯುಲೇಟರ್. ಔಟ್‌ಪುಟ್‌ನಲ್ಲಿ 10 ಮೈಕ್ರೋಫ್ಯಾರಡ್‌ನ ಮೂರು ಸೆರಾಮಿಕ್, ಪ್ರತಿ ನಾಲ್ಕು ರೆಸಿಸ್ಟರ್‌ಗೆ ಒಂದು 100 ನ್ಯಾನೋಫ್ಯಾರಡ್. ವಿರೆಫ್ ಬೇರೆ: ವಿಡಿಡಿಕ್ಯೂನಿಂದ (ಮೆಮೊರಿಯ 1.35 ವೋಲ್ಟ್ ಸಪ್ಲೈ) ಅರ್ಧಕ್ಕೆ ಇಳಿಸುವ 1 ಕಿಲೋಓಮ್‌ನ 1% ಜೋಡಿ, ಪ್ರತಿ ಪಿನ್ ಪಕ್ಕದಲ್ಲೇ 100 ನ್ಯಾನೋಫ್ಯಾರಡ್. ಅಳೆಯುವಾಗ ಪ್ರೋಬ್‌ನ ಮೊಸಳೆ ಕ್ಲಿಪ್ ಬೇಡ, ಅದರ ಉದ್ದದ ತಂತಿ ಇಲ್ಲದ ರಿಂಗಿಂಗ್ ತೋರಿಸುತ್ತದೆ. ಸ್ಪ್ರಿಂಗ್ ಗ್ರೌಂಡ್ ಹಾಕಿ ಕೆಪಾಸಿಟರ್ ಮೇಲೆಯೇ ಇಡಿ. ವಿರೆಫ್ ವಿಡಿಡಿಯ (ಇಲ್ಲಿ ಅದೂ 1.35 ವೋಲ್ಟ್) 49ರಿಂದ 51%ರೊಳಗೆ ನಿಲ್ಲಬೇಕು. ಮೇಲಿನ ವಿಳಾಸಗಳು ಈಗ ಪಾಸ್.

ಬಾಕಿ ಇರುವುದು ಐಡಲ್ ಕರೆಂಟ್. ಎಫ್‌ಪಿಜಿಎ ಒಳಗಿನ 50 ಓಮ್ ಸ್ಪ್ಲಿಟ್ ಟರ್ಮಿನೇಷನ್ ಎಂದರೆ ಎರಡು 100 ಓಮ್, ಒಂದು ವಿಡಿಡಿಕ್ಯೂಗೆ, ಒಂದು ಗ್ರೌಂಡ್‌ಗೆ; ಪಿನ್‌ಗೆ 6.75 ಮಿಲಿಆಂಪ್, ಡೇಟಾ ಮತ್ತು ಡಿಕ್ಯೂಎಸ್ ಸೇರಿ 20 ಪಿನ್‌ಗೆ 135 ಮಿಲಿಆಂಪ್. ರೀಡ್ ಇಲ್ಲದಾಗ ಅದು ನಿಜಕ್ಕೂ ಆರುತ್ತಿದೆಯೇ ಎಂದು ವಿಡಿಡಿಕ್ಯೂ ಶಂಟ್‌ನಲ್ಲಿ (ಕರೆಂಟ್ ಅಳೆಯುವ ಚಿಕ್ಕ ರೆಸಿಸ್ಟರ್) ನೋಡಬೇಕು.